ಎಡ ಹೊಳ್ಳೆ

ಗಂಡಾದರೆ ಬಲ ಹೊಳ್ಳೆ, ಹೆಣ್ಣಾದರೆ ಎಡ ಹೊಳ್ಳೆ
ಎನ್ನುತ್ತಾನೆ ಶ್ಯೊಂಗ್ ವೈದ್ಯ ಪ್ರತಿ ಚಳಿಗಾಲ,
ನನಗೆ ಗೊತ್ತೇ ಇಲ್ಲವೇನೋ ಎಂಬಂತೆ.
ಅವನ ಬೆಳ್ಳಿಯ ಕೊಳವೆಗೆ ಕತ್ತು ಕೊಂಚ ಸೊಟ್ಟ,
ನನ್ನ ಬಾತುಗಳ ಹಾಗೆ.

ಮೊದಲ ಸಲ ಬಂದಾಗ ನಾನು ಬಾಗಿಲು ತೆರೆಯಲಿಲ್ಲ.
ಸಿಡುಬಿನ ಹಕ್ಕಳೆ ಅರೆದು ಮಗುವಿನ ಮೂಗಿಗೆ ಊದುವುದಂತೆ!
ಮೂಗಿಗೆ ತುಪ್ಪ ಸವರುವವರನ್ನು ಕಂಡಿದ್ದೆ,
ರೋಗವನ್ನೇ ಸವರುವವನನ್ನು ಕಂಡಿರಲಿಲ್ಲ.
ಆದರೆ ಆ ವರ್ಷ ಪೊಯಾಂಗ್ ಸರೋವರದ ಮೇಲೆ
ತೊಟ್ಟಿಲಷ್ಟೇ ಉದ್ದದ ಪೆಟ್ಟಿಗೆ ಹೊತ್ತ ದೋಣಿಗಳು.
ಎಣಿಸಿದೆ. ಹನ್ನೊಂದಕ್ಕೆ ಎಣಿಕೆ ನಿಲ್ಲಿಸಿ
ಬಾಗಿಲು ತೆರೆದೆ.

ಶುಯ್‌ಗೆನ್‌ಗೆ ಆಗ ಆರು. ಬಲ ಹೊಳ್ಳೆ.
ಜಾತಕದಲ್ಲಿ ನೀರು ಸಾಲದೆಂದು ಜೋಯಿಸ ಹೇಳಿದ್ದಕ್ಕೆ
ನೀರಬೇರು ಎಂದು ಇಟ್ಟ ಹೆಸರು ಅದು.
ಸೀನಬೇಡ ಅಂದರೆ ಸೀನುವ ವಯಸ್ಸು.
ಏಳನೆಯ ದಿನ ಜ್ವರ ಏರಿತು; ಆಮೇಲೆ ಹೂ.
ಆಕಾಶದ ಹೂವು ಅನ್ನುತ್ತೇವೆ ನಾವು ಇದಕ್ಕೆ,
ಹೆದರಿಕೆಗೆ ಒಳ್ಳೆಯ ಹೆಸರು.
ಹದಿನೇಳು ಬಿಟ್ಟವು ಅವನ ಮೈಮೇಲೆ. ಹದಿನೇಳೇ.
ಪಕ್ಕದ ಮನೆಯ ಅಜ್ಜಿಯ ಮುಖದಲ್ಲಿ ಇಡೀ ತೋಟವಿತ್ತು.

ಒಣಗಿ ಉದುರಿದ್ದನ್ನು ಬಿದಿರ ಕಡ್ಡಿಯಲ್ಲಿ ಎತ್ತಿ,
ಪಿಂಗಾಣಿ ಸೀಸೆಗೆ ಹಾಕಿ, ಬಾಯಿಗೆ ಮೇಣ ಮೆತ್ತಿ,
ವೈದ್ಯ ಎದೆಯ ಅಂಗಿಯೊಳಗೆ ಇಳಿಬಿಟ್ಟುಕೊಂಡ.
"ಒಂದು ತಿಂಗಳು ಮೈಶಾಖ ಬೇಕು.
ಹಸಿ ಬೀಜ ಕೊಲ್ಲುತ್ತದೆ, ಪಳಗಿದ್ದು ಕಾಯುತ್ತದೆ."
ನಲವತ್ತು ಕಾಸು ಕೊಟ್ಟ. ನಾನು ಎಣಿಸಿ ತೆಗೆದುಕೊಂಡೆ.
ಹೌದು, ಎಣಿಸಿದೆ. ಮಗನಿಗೆ ಹೊಸ ಹುಲ್ಲುಜೋಡು ಬಂತು.

ಆ ಜೋಡು ದಡದ ಮೇಲೆ ಅಕ್ಕಪಕ್ಕ ಇತ್ತು
ಸರೋವರದ ನೀರು ಇಳಿಯುವ ತಿಂಗಳಲ್ಲಿ,
ತಪ್ಪಿಸಿಕೊಂಡ ಬಾತಿನ ಹಿಂದೆ
ಅವನು ಜೊಂಡಿನೊಳಗೆ ಹೋದಾಗ.
ಬಾತು ತಾನಾಗಿ ಮರಳಿತು.

ಸಿಡುಬಿಗೆ ಸಿಗದವನು ನೀರಿಗೆ ಸಿಕ್ಕನಲ್ಲಾ
ಎಂದು ಊರು ಮೂಗಿನ ಮೇಲೆ ಬೆರಳಿಟ್ಟಿತು.

ಮರುವರ್ಷ ವೈದ್ಯ ಬಂದ. ಸುದ್ದಿ ಗೊತ್ತಿರಲಿಲ್ಲ.
ಕೇಳಿ, ಚಹ ಆರಿಹೋಗುವವರೆಗೂ ಸುಮ್ಮನೆ ಕೂತ.
ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು
ಕದ್ದ ಮಾಲು ಒಪ್ಪಿಸುವವನ ಹಾಗೆ ಹೇಳಿದ:
"ಅವನ ಬೀಜ ದುಚಾಂಗಿನ ಕುಂಬಾರನ ಮಗನಿಗೆ ಹಾಕಿದೆ,
ಅವನಿಂದ ಉಪ್ಪಿನ ಸಾಹುಕಾರನ ಮೊಮ್ಮಗಳಿಗೆ,
ಅವಳಿಂದ ಒಬ್ಬ ಕಿವುಡ ಹುಡುಗನಿಗೆ. ಇಲ್ಲಿದೆ."
ಸೀಸೆ ನನ್ನ ಅಂಗೈಗೆ ಇಟ್ಟ.
ಬೆಚ್ಚಗಿತ್ತು.
ಅದು ವೈದ್ಯನ ಎದೆಯ ಶಾಖ. ಗೊತ್ತು. ಗೊತ್ತು.

ಅಂದಿನಿಂದ ನನ್ನದು ಒಂದೇ ಪ್ರಶ್ನೆ: ಈಗ ಯಾರಲ್ಲಿ?
ಅವನು ಹೆಸರು ಹೇಳುತ್ತಾನೆ, ನಾನು ಹುರಿಗೆ ಗಂಟು ಹಾಕುತ್ತೇನೆ.
ಕುಲದ ಪುಸ್ತಕ ಬರೆಯುವ ಗಂಡಸರಿಗೆ ಈ ವಂಶ ತಿಳಿಯದು.
ಮೂಗಿನಿಂದ ಮೂಗಿಗೆ ದಾಟಿದಷ್ಟೂ
ಬೀಜ ಮೆತ್ತಗಾಗುತ್ತದಂತೆ;
ಹದಿನೇಳು ಹೋಗಿ ಹನ್ನೆರಡು, ಹನ್ನೆರಡು ಹೋಗಿ ಆರು.
"ಒಳ್ಳೆಯದಾಯಿತಲ್ಲ" ಎನ್ನುತ್ತಾನೆ.
ಒಳ್ಳೆಯದೇ. ಆದರೂ
ಅದರಲ್ಲಿ ಅವನು ಇನ್ನೆಷ್ಟು ಉಳಿದಿದ್ದಾನೆ
ಎಂದು ಕೇಳಲು ಬಾಯಿ ಬರುವುದಿಲ್ಲ.

ಇವತ್ತು ಇವಳ ಸರದಿ. ನಾಲ್ಕು ವರ್ಷ. ಅಣ್ಣನನ್ನು ಕಂಡವಳಲ್ಲ.
ನನ್ನ ತೊಡೆಯ ಮೇಲೆ ಕೂತು ಕೊಳವೆಯಲ್ಲಿ
ತನ್ನ ಮುಖ ನೋಡಿಕೊಂಡು ನಗುತ್ತಾಳೆ.
ಎಡ ಹೊಳ್ಳೆ, ಎಂದ ವೈದ್ಯ. ಗೊತ್ತು, ಎಂದೆ.
ಊದಲು ಹೋಗಿ ಕೆಮ್ಮಿದ. ಮತ್ತೆ ಹೋದ, ಮತ್ತೆ ಕೆಮ್ಮು.
ಮುದುಕನಿಗೆ ಉಸಿರು ಸಾಲದು.
ಕೊಳವೆಯನ್ನು ನನ್ನತ್ತ ತಿರುಗಿಸಿದ: "ನೀನೇ ಊದು."

ಊದಿದೆ.

ಕಣ್ಣು ಅರಳಿಸಿ, ತುಟಿ ಬಿಗಿದು, ಒಂದು ಗಳಿಗೆ ತಡೆದು
ನನ್ನ ಮುಖಕ್ಕೇ ಸೀನಿದಳು.
ಒರೆಸಿಕೊ ಎಂದು ವೈದ್ಯ ಬಟ್ಟೆ ಚಾಚಿದ.
ಆಮೇಲೆ, ಎಂದೆ.