ಬಲಮುರಿ, ಎಡಮುರಿ

ಶೆಫೀಲ್ಡಿನ ಕೊನೆಯ ಟ್ರಾಮ್ ಇಳಿಜಾರು ಇಳಿದು ಹೋದ ಮೇಲೆ
ನಮ್ಮ ಕೆಲಸ ಶುರು.
ಹಳಿಯ ನಡುಕ ನೆಲಮಾಳಿಗೆಗೂ ಬರುತ್ತದೆ,
ಮೇಜಿನ ಕಾಲಿಗೆ ಗಾಳಿ ತುಂಬಿ ಕೂರಿಸಿದ್ದರೂ
ಬೆಳಕಿನ ಬೊಟ್ಟು ಬೆಚ್ಚುತ್ತದೆ.

ಮಧ್ಯಾಹ್ನವೆಲ್ಲ ಸುಲಿಯುವುದೇ ಆಯಿತು.
ಅಂಟುಪಟ್ಟಿಗೆ ಅಂಟಿಸಿ, ಮಡಿಸಿ, ಬಿಡಿಸಿ,
ಮತ್ತೆ ಮಡಿಸಿ, ಮತ್ತೆ ಬಿಡಿಸಿ.
ಈರುಳ್ಳಿಯಾದರೆ ಕಣ್ಣೀರಾದರೂ ಬರುತ್ತಿತ್ತು.
ಇದು ಕ್ರೋಮಿಯಂ ಅಯೋಡಿನ್ ಕೂಡಿದ ಕಪ್ಪು ಹರಳು,
ಗಾಳಿ ಸೋಕಿದರೆ ಬೆವರಿ ಕರಗಿಹೋಗುವ
ಮುಟ್ಟಿದರೆ ಮುನಿ.
ಗಾಜಿನ ಪೆಟ್ಟಿಗೆಯೊಳಗೆ ದಪ್ಪ ರಬ್ಬರ್ ಗವಸಿನಲ್ಲಿ
ನಾನೂ ಮೊರ್ವೆನಾಳೂ ಸರದಿಯಂತೆ ಬೆರಳು ತೂರಿಸಿ
ಕೊನೆಗೆ ಸಿಕ್ಕಿದ್ದು ಒಂದು ಚೂರು:
ನೇರಳೆ ನೆಲದ ಮೇಲೆ ತುಸುವೇ ಬೇರೆ ನೇರಳೆ.
ಇದೆ ಎಂದರೆ ಇದೆ.
ಸೂಜಿಗಲ್ಲು ಎನ್ನೋಣವೆಂದರೆ ಕಲ್ಲೂ ಇಲ್ಲ, ಸೂಜಿಯೂ ಇಲ್ಲ,
ಸಿಪ್ಪೆಯ ಸಿಪ್ಪೆ,
ಒಂದೇ ಪದರ.

ಹೀಲಿಯಂ ಚಳಿಗೆ ಇಳಿಸಿದೆವು.
ಚಳಿ ಎಂದರೆ ಬೆಟ್ಟದ ಜನವರಿಯಲ್ಲ,
ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಗೆ.
ನಾವು ನಡುಗುವುದು ಚಳಿಗೆ,
ಪರಮಾಣುಗಳು ನಡುಗುವುದು ಸೆಕೆಗೆ.
ಅಲ್ಲಿ ಅವು ಸಾಲಾಗಿ ನಿಂತು
ಎಲ್ಲವೂ ಒಂದೇ ಕಡೆಗೆ ಮುಖ ಮಾಡುತ್ತವೆ.

"ತಿರುಗಿಸೋಕೆ ಏನು ಹಾಕ್ತೀರಿ?" ಎಂದ ಕ್ಲಿಫರ್ಡ್ ಹ್ಯಾಬರ್ಶನ್,
ರಾತ್ರಿಪಾಳಿಯ ಕಾವಲಿನವ, ಚಹಾದ ಫ್ಲಾಸ್ಕಿನೊಂದಿಗೆ.
ಬೆಳಕು, ಎಂದೆ.
"ಎಷ್ಟು ತೂಕದ್ದು?"
ನಾನು ಬಾಯಿ ತೆರೆಯುವ ಮೊದಲೇ ಅವನ ತಾಯಿ ಡೋರೀನ್
ಕತೆಯೊಳಗೆ ಬಂದಾಗಿತ್ತು.
ಈ ಊರಿನ ಮ್ಯಾಗ್ನೆಟ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ:
ಕೆಂಡದ ಎರಕ, ಅರೆಯುವ ಚಕ್ರ, ತೊಲೆಯಷ್ಟು ದಪ್ಪ ತಾಮ್ರದ ಸುರುಳಿ,
ಗುಂಡಿ ಒತ್ತಿದರೆ ಮಾಡಿನ ದೀಪವೆಲ್ಲ ಮಂಕು,
ಅಷ್ಟಾದ ಮೇಲೆ ಉಕ್ಕು ಒಪ್ಪಿಕೊಳ್ಳುತ್ತಿತ್ತು
ಉತ್ತರ ಇಲ್ಲಿ, ದಕ್ಷಿಣ ಅಲ್ಲಿ ಎಂದು.
ಅವಳು ವಾಚು ಕಟ್ಟುತ್ತಿರಲಿಲ್ಲ.
ಕಟ್ಟಿದ್ದ ಎರಡೂ ನಿಂತಿದ್ದವು.
ಒಂದು ಮದುವೆಯದು,
ನಾಲ್ಕೂ ಹತ್ತಕ್ಕೆ.

ನಮ್ಮ ಬೆಳಕಿಗೆ ಶಂಖದ ಸುಳಿ.
ಎಡಮುರಿ ಕಳಿಸಿದರೆ ಮುಖ ಮೇಲಕ್ಕೆ,
ಬಲಮುರಿ ಕಳಿಸಿದರೆ ಕೆಳಕ್ಕೆ.
ಆಗಬೇಕು, ಎಂದು ಲೆಕ್ಕ.
ಮೂರು ವಾರದಿಂದ ಹೂ ಕೇಳುವವರ ಹಾಗೆ ಕೂತಿದ್ದೆವು:
ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ.
ಮೊರ್ವೆನಾಗೆ ಇದನ್ನು ಬಿಡಿಸಿ ಹೇಳಹೋಗಿ ಸೋತೆ:
"ಹೂವನ್ನು ನಾವೇ ತಳ್ಳುತ್ತಿರುವಾಗ
ಕೇಳುವುದು ಯಾರನ್ನು?"

ಒಂದೂ ನಲವತ್ತಕ್ಕೆ ಬಲಮುರಿ ಬಿಟ್ಟೆವು.
ಚೂರಿನ ಬಳಿ ಹೋಗಿ ಮರಳಿದ ಬೆಳಕು
ಕೂದಲೆಳೆಯಷ್ಟು ವಾಲಿತ್ತು,
ಒಲ್ಲದ ಮಾತಿಗೆ ಒಪ್ಪಿದವರ ಕತ್ತಿನ ಹಾಗೆ.
ಎಡಮುರಿ.
ಆ ಕಡೆ ವಾಲಿತು.
ಬಲ. ಎಡ. ಬಲ.
ಸುತ್ತಿಗೆಯ ಸದ್ದಿಲ್ಲ, ದೀಪ ಮಂಕಾಗಲಿಲ್ಲ.
ಯಾರೂ ಕೂಗಲಿಲ್ಲ,
ಮೊರ್ವೆನಾ ಪೆನ್ನಿನ ಮುಚ್ಚಳ ಕಚ್ಚಿ ಸೀಳಿದಳು.

ಕ್ಲಿಫರ್ಡ್ ಕೋಟಿನ ಜೇಬಿಂದ ತಾಯಿಯ ಲಾಳ ತೆಗೆದ.
(ಬಾಗಿಲ ಹೊರಗೇ ಇರು ಮಹರಾಯ, ಎಂದು ಅಂಗಲಾಚಿದೆ.)
ಕೆಂಪು ಬಣ್ಣ ಸವೆದ ಲಾಳ,
ಎರಡು ತುದಿಗೆ ಅಡ್ಡಲಾಗಿ ಒಂದು ಕಬ್ಬಿಣದ ತುಂಡು.
ಬಾಯಿ ಮುಚ್ಚಿಡಬೇಕು, ಇಲ್ಲದಿದ್ದರೆ ಸತ್ವ ಸೋರುತ್ತದೆ
ಎನ್ನುತ್ತಿದ್ದಳಂತೆ ಡೋರೀನ್.
ತುಂಡು ಕಿತ್ತು, ಬೀಗದ ಕೈ ಗೊಂಚಲು ಅಂಟಿಸಿ,
ಟಾರ್ಚು ಹಚ್ಚಿ ಬಲಕ್ಕೆ ತಿರುವಿದ, ಎಡಕ್ಕೆ ತಿರುವಿದ.
ಗೊಂಚಲು ಜಗ್ಗಲಿಲ್ಲ.
"ಅವ್ವನ ಹಾಗೇ," ಎಂದು ನಕ್ಕ,
"ಒಮ್ಮೆ ಒಪ್ಪಿದ್ದು ಬಿಡೋಳಲ್ಲ."

ಐದಕ್ಕೆ ಹೀಲಿಯಂ ಮುಗಿಯಿತು.
ಪರದೆಯ ಅಂಕಿ ಏರಿತು, ಮೂವತ್ತು ಕೆಲ್ವಿನ್, ನಲವತ್ತು,
ನಲವತ್ತೈದಕ್ಕೆ ಮುಖಗಳೆಲ್ಲ ಅತ್ತಿತ್ತ ಹೊರಳಿ
ಬಲವೂ ಇಲ್ಲ, ಎಡವೂ ಇಲ್ಲ.
ರಾತ್ರಿ ಹೇಳಿದ್ದೊಂದೂ ನೆನಪಿಲ್ಲ.

ಮೊದಲ ಟ್ರಾಮ್ ಬಂತು, ಬೊಟ್ಟು ಬೆಚ್ಚಿತು.
ಕಾರಿಡಾರಿನಲ್ಲಿ ಕ್ಲಿಫರ್ಡ್
ಲಾಳಕ್ಕೆ ಕಚ್ಚಿದ ಬೀಗದ ಕೈಗಳನ್ನು ಒಂದೊಂದಾಗಿ ಕೀಳುತ್ತಿದ್ದ.
ಹೊರಬಾಗಿಲಿನದು
ಕೊನೆಗೆ ಬಂತು.