ಎಡಗಡೆಯ ಗಾಲಿಜಾಡು

ಪುಸ್ತಕದಲ್ಲಿ ಬರೆದಿದೆಯಂತೆ,
ರೈಲು ಹಳಿಯ ಹಾಗೆ ನಿಲ್ಲಬೇಕು:
ಚೆಂಡು ಆಚೆ ಹಳಿಯಲ್ಲಿ, ಪಾದ ಈಚೆ ಹಳಿಯಲ್ಲಿ.
ದೇಚಕ್ಕ ನಕ್ಕರು.
"ಚಾತು, ಕೊಡಗಿಗೆ ರೈಲೇ ಬಂದಿಲ್ಲವಲ್ಲೋ,
ನಾನೆಲ್ಲಿ ನಿಲ್ಲಲಿ?"

ಬೇಲಿಯಾಚೆ ತೋಟದ ಜೀಪುದಾರಿ ತೋರಿಸಿದೆ.
ಎರಡು ಗಾಲಿಜಾಡು, ನಡುವೆ ಒಂದು ಸಾಲು ಹುಲ್ಲು,
ಏರಿನಲ್ಲೂ ಇಳಿಜಾರಿನಲ್ಲೂ ಒಂದನ್ನೊಂದು ಮುಟ್ಟದೆ
ಗೋದಾಮಿನ ತನಕ ಜೊತೆಗೇ ಹೋಗುತ್ತವೆ.
ಬಲಜಾಡಿನಲ್ಲಿ ಚೆಂಡು ಹೋಗಲಿ ಅಕ್ಕ,
ಎಡಜಾಡಿನಲ್ಲಿ ನೀವು.
ಕಾಲು ಬಾವುಟದ ಕಡೆಗಲ್ಲ,
ಬಾವುಟದ ತುಸು ಎಡಕ್ಕೆ.

ಅದೇ ಅವರಿಗೆ ಕಷ್ಟ.
ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ಕಣ್ಣು.
ಕೋವಿಯಲ್ಲಾದರೆ ಕಣ್ಣು, ನಳಿಗೆ, ಕಾಯಿ
ಒಂದೇ ದಾರದ ಮೂರು ಮಣಿ.
ಇಲ್ಲಿ ಕಣ್ಣು ದಾರದಿಂದ ಹೊರಗೆ.
ಪಕ್ಕದ ಮನೆಯ ಜಗಳ ನೋಡುವವರಂತೆ
ಕತ್ತು ಮಾತ್ರ ಹೊರಳಿಸಬೇಕು.
ಭುಜ ಕೇಳುವುದಿಲ್ಲ,
ಕೊಟ್ಟಿಗೆ ಕಂಡ ದನದ ಹಾಗೆ
ಬಾವುಟದತ್ತಲೇ ಎಳೆಯುತ್ತದೆ.

ಬಿಟ್ಟಂಗಾಲದ ಈ ಹುಲ್ಲಿನ ಮೇಲೆ
ಹದಿನಾಲ್ಕು ವರ್ಷ ಆ ಭುಜವನ್ನು ನಾನು ಓದಿದೆ,
ಚೆಂಡಿನ ಹಿಂದೆ, ಅದು ಹೋಗುವ ಗೆರೆಯ ಮೇಲೆಯೇ
ಕುಕ್ಕರುಗಾಲಲ್ಲಿ ಕೂತು.
"ಎಡಕ್ಕೆ. ಇನ್ನೊಂದು ಬೆರಳಷ್ಟು. ಹಾಂ, ಸಾಕು."

ಆಮೇಲೆ ನಿಯಮ ಬದಲಾಯಿತು.
ಆಟಗಾರರು ಪಾದ ಊರಲು ಶುರುಮಾಡಿದರೆ
ಕ್ಯಾಡಿ ಆ ಗೆರೆಯ ಮೇಲೆ ಇರಕೂಡದು.
ಕೋಲನ್ನು ನೆಲಕ್ಕಿಟ್ಟು ಕಾಲ್ಬೆರಳು ಜೋಡಿಸಿಕೊಂಡರೆ
ಎರಡು ಹೊಡೆತ ದಂಡ,
ಹೊಡೆಯುವ ಮೊದಲು ಎತ್ತಿಕೊಂಡರೂ ದಂಡವೇ.
ಬಿದ್ದಿರುವ ಎಲೆಯನ್ನು ಗುರುತಿಟ್ಟುಕೊಳ್ಳಬಹುದು,
ಎಲೆ ತಂದು ಇಡಬಾರದು.
ಕ್ಲಬ್ಬಿನ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಮೂರು ಸಲ ಓದಿದೆ.
ಇಷ್ಟು ದಿನ ನಾನೂ
ಅಲ್ಲಿ ತಂದಿಟ್ಟ ಒಂದು ಕೋಲು, ಅಷ್ಟೇ.

ಹೂಮಳೆ ಬಿದ್ದು ಒಂಬತ್ತನೇ ದಿನ.
ತೋಟವೆಲ್ಲ ಬಿಳಿ, ಗಾಳಿ ತುಂಬ ಜೇನುನೊಣದ ಸದ್ದು.
ಪಂದ್ಯ ಆರನೇ ಕುಳಿಗೆ ಬಂದಿತ್ತು.
ಮಂಡಿಗೆ ನಿಯಮ ಗೊತ್ತಿಲ್ಲ ನೋಡಿ,
ಕೂತೇಬಿಟ್ಟಿದ್ದೆ.
ದೇಚಕ್ಕನ ಒಂದು ಪಾದ ಊರಿತ್ತು.
ಎದುರಾಳಿ ಚೀಯಣ್ಣ ಕೆಮ್ಮಿದರು,
ಸಜ್ಜನ ಕೆಮ್ಮು.
ಅಕ್ಕ ಹಿಂದೆ ಸರಿದರು. ನಾನೂ ಎದ್ದು ಸರಿದೆ.
ಹೊಡೆಯುವ ಮೊದಲು ಹೀಗೆ ಸರಿದು
ಮತ್ತೆ ಮೊದಲಿನಿಂದ ನಿಂತರೆ ದಂಡವಿಲ್ಲ.
ಆ ಹಾಳೆಯಲ್ಲೂ ಇಷ್ಟು ಕರುಣೆ ಇತ್ತು.

ಅವರೇ ಚೆಂಡಿನ ಹಿಂದೆ ಹೋಗಿ ನಿಂತರು.
ಮಾರು ದೂರದಲ್ಲಿ ಸಿಲ್ವರ್ ಓಕಿನ ಒಂದು ಎಲೆ
ಬೆಳ್ಳಿಹೊಟ್ಟೆ ಮೇಲೆ ಮಾಡಿ ಬಿದ್ದಿತ್ತು,
ಯಾರೂ ಇಟ್ಟದ್ದಲ್ಲ.
ಮೊದಲು ಕಬ್ಬಿಣದ ಮುಖ ಎಲೆಯ ಕಡೆಗೆ.
ಆಮೇಲೆ ಬಲಪಾದ, ಎಡಪಾದ,
ಮಂಡಿ, ಸೊಂಟ,
ಕೊನೆಗೆ ಆ ಹಠಮಾರಿ ಭುಜ.

ನಾನು ಮರದಡಿ, ಪಕ್ಕದಲ್ಲಿ.
ಹೊಡೆಯುವ ಮೊದಲಿನ ಅವರ ಮುಖ ಕಂಡದ್ದು ಅದೇ ಮೊದಲು:
ಕೆಳತುಟಿ ಕಚ್ಚಿ, ಅಂಗಡಿಯಲ್ಲಿ
ಚಿಲ್ಲರೆ ಎಣಿಸುವ ಹುಡುಗಿಯ ಹಾಗೆ.
"ಸರಿಯಿದೆಯಾ ಚಾತು?"
ಉತ್ತರಿಸಲು ತಡೆಯಿಲ್ಲ,
ನಿಯಮ ನಾಲಿಗೆಗೆ ಗೆರೆ ಎಳೆದಿಲ್ಲ.
ಆದರೆ ಪಕ್ಕದಿಂದ ನೋಡಿದರೆ
ಎಲ್ಲರೂ ನೇರವಾಗಿಯೇ ಕಾಣುತ್ತಾರೆ.
"ಗೊತ್ತಿಲ್ಲ ಅಕ್ಕ" ಅಂದೆ.

ಚೆಂಡು ಬಾವುಟದ ಬಲಕ್ಕೆ ಹೋಗಿ
ಮರಳುಗುಂಡಿಯ ಅಂಚಿನಲ್ಲಿ ಕೂತಿತು.
ಅಕ್ಕ ನನ್ನನ್ನು ನೋಡಲಿಲ್ಲ,
ಬಗ್ಗಿ ತಮ್ಮ ಪಾದಗಳನ್ನೇ ನೋಡಿಕೊಂಡರು.
"ಇದು ಪೂರಾ ನನ್ನದೇ" ಅಂದರು,
ಬಹುಮಾನ ಬಂದವರ ದನಿಯಲ್ಲಿ.

ಸಂಜೆ ಚೀಲ ಒರೆಸಿಟ್ಟು ಜೀಪುದಾರಿ ಹಿಡಿದೆ.
ಕಾಲು ತಾನಾಗಿ ಎಡಜಾಡಿಗೆ ಬಿತ್ತು.
ಬಲಜಾಡಿನಲ್ಲಿ, ನನಗಿಂತ ಹತ್ತು ಮಾರು ಮುಂದೆ,
ಒಂದು ಮುಂಗುಸಿ ಓಡುತ್ತಿತ್ತು, ಎಳೆದ ಗೆರೆಯಷ್ಟು ನೇರ.
ಎಲ್ಲಿಗೆ ಗುರಿಯೋ ಏನೋ,
ಗೋದಾಮು ಬರುವ ಮೊದಲೇ
ಬೇಲಿ ನುಗ್ಗಿ ಬಿಳಿಹೂವಿನೊಳಗೆ ಹೋಯಿತು.