ಸೇತುವೆಯಾಚೆ ಇನ್ನೂ ಒಂಬತ್ತೂವರೆ

ನಮ್ಮೂರು ಟೋರ್ನಿಯೊ. ನದಿಯಾಚೆ ಸ್ವೀಡನ್.
ಸೇತುವೆ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ.
ಹೊಸ ವರ್ಷ ನಮಗೆ ಎರಡು ಸಲ:
ಈಚೆ ಒಮ್ಮೆ ಕುಡಿದು, ನಡೆದು ಹೋಗಿ ಆಚೆ ಇನ್ನೊಮ್ಮೆ.

ಆ ಜನವರಿ ನನ್ನ ತಮ್ಮ ತೂರೆ
ರಾತ್ರಿಯಿಡೀ ಸೇತುವೆ ಮೇಲೆ ಅಲೆದ.
ಮೈನಸ್ ಇಪ್ಪತ್ತೆಂಟು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ.
"ಅಕ್ಕಾ, ಆ ಮಾತು ಶುರುವಾದದ್ದು ಹತ್ತೂವರೆಗೆ.
ಆಚೆ ಇನ್ನೂ ಒಂಬತ್ತೂವರೆ.
ಶುರುವಾಗುವ ಮೊದಲೇ ಹೋಗಿ ಬಾಗಿಲು ಹಾಕಿಬಿಡಬೇಕು."
ಲೆಕ್ಕ ತಪ್ಪಿರಲಿಲ್ಲ.
ನನಗೆ ಹೆದರಿಕೆಯಾದದ್ದು ಅದಕ್ಕೇ.

ಹಿಂದಿನ ಬೇಸಿಗೆಯಿಂದಲೇ ಇತ್ತಂತೆ, ನಮಗೆ ಕಾಣಲಿಲ್ಲ.
ಉಕ್ಕಿನ ಕಾರ್ಖಾನೆಯ ಕ್ರೇನಿನಲ್ಲಿ ಕೂತವನನ್ನು
ಕೆಳಗೆ ಯಾರೂ ಇಲ್ಲದಾಗ ಯಾರೋ ಕರೆದರು.
ಮೊದಮೊದಲು ಹೆಸರಷ್ಟೇ. ಆಮೇಲೆ ಹೆಸರಿಗೊಂದು ಬೈಗುಳ.
ಆಮೇಲೆ ಇಬ್ಬರು, ಇವನೊಂದಿಗಲ್ಲ, ಇವನ ಬಗ್ಗೆ:
ನೋಡು, ಕಾಫಿಗೆ ಕೈ ಚಾಚಿದ;
ನೋಡು ನೋಡು, ಕುಡಿಯಲಿಲ್ಲ.
ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸೂ
ಇವನಿಗೆಂದೇ ಒಂದೊಂದು ಪದ ಒತ್ತಿ ಓದಿದಳು.

"ಹುಡುಗ ಎರಡು ಹೋಳಾದ," ಅಂದ ಪಕ್ಕದ ಮನೆಯ ಸುಲೋ.
ಇಲ್ಲ ಮಾರಾಯ, ಅವನು ಒಬ್ಬನೇ.
ಒಳಗು ಹೊರಗಿನ ನಡುವಿನ ಗೋಡೆ ತೆಳುವಾಗಿದೆ,
ಕೇಳಿದ್ದು ತನ್ನದೋ ಪರರದೋ
ತಿಳಿಯದಷ್ಟು.

ಫೋನು ಮಾಡಿದ ಮಾರನೇ ದಿನವೇ ಬಂದರು:
ಇಬ್ಬರು ನರ್ಸುಗಳು, ಒಬ್ಬ ಡಾಕ್ಟರಮ್ಮ,
ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲೇ ಅಡುಗೆಮನೆಗೆ.
ಡಾಕ್ಟರಮ್ಮನ ಹೆಬ್ಬೆರಳು ತೂತಿನಿಂದ ಇಣುಕುತ್ತಿತ್ತು.
ತೂರೆ ಅದನ್ನೇ ನೋಡಿದ. ಮೂರು ವಾರದಲ್ಲಿ ಮೊದಲ ಸಲ ನಕ್ಕ.

ಅವನನ್ನು ಹೊರಗಿಟ್ಟು ಬಾಗಿಲ ಹಿಂದೆ ಪಿಸುಗುಟ್ಟಲಿಲ್ಲ
(ಪಿಸುಮಾತು ಅವನ ಬಳಿ ಬೇಕಾದಷ್ಟಿತ್ತು).
ತಮ್ಮ ಅನುಮಾನವನ್ನೂ ಅವನೆದುರೇ ಆಡಿದರು:
"ಮಾತ್ರೆ ಇವತ್ತೇ ಬೇಕೆ?"
"ಬೇಕು ಅನ್ನಿಸುತ್ತದೆ."
"ನನಗೆ ಇನ್ನೂ ಇಲ್ಲ. ಮೊದಲು ನಿದ್ದೆ."
ಸ್ಕಿಜೋಫ್ರೇನಿಯಾ ಎಂಬ ಪದ
ಮೇಜಿನ ಮೇಲೆ ಬಂದು ಕೂತದ್ದು ಎಷ್ಟೋ ದಿನದ ಮೇಲೆ,
ಬ್ರೆಡ್ಡಿನ ಬುಟ್ಟಿಯ ಪಕ್ಕದಲ್ಲಿ.
ಅಮ್ಮ ಕೇಳಿದಳು, "ನಾನು ಬೆಳೆಸಿದ್ದು ತಪ್ಪಾಯಿತೆ?"
"ಇಲ್ಲ," ಅಂದರು. ಅವಳು ಇವತ್ತಿಗೂ ನಂಬಿಲ್ಲ.

ಮಾತ್ರೆ ಕೊನೆಗೆ ಬಂತು. ದನಿಗಳು ಇಳಿದವು,
ಹೋಗಲಿಲ್ಲ, ಕೆಳಗಿನ ಮಹಡಿಗೆ ಮನೆ ಬದಲಿಸಿದವು.
ಬದಲಿಗೆ ಹನ್ನೊಂದು ಕಿಲೋ ತೂಕ, ಒಣಬಾಯಿ,
ಕಪ್ಪು ಎತ್ತಿದರೆ ಸಾಸರಿನ ಮೇಲೆ ತಾಳ ಹಾಕುವ ಕೈ.
ಮಾತ್ರೆ ಬದಲಾಯಿತು. ಮತ್ತೆ ಬದಲಾಯಿತು.
ಈಗ ತಿಂಗಳಿಗೊಂದು ಸೂಜಿ, ಗುರುವಾರ, ಒಬ್ಬನೇ ಹೋಗುತ್ತಾನೆ.

ಕಾಯಿಲೆಗೆ ಇನ್ನೊಂದು ಮುಖವಿದೆ,
ಅದಕ್ಕೆ ಸದ್ದೇ ಇಲ್ಲ.
ಸ್ನಾನ ಯಾಕೆ. ಹುಟ್ಟುಹಬ್ಬ ಯಾರದು.
ವಾಕ್ಯವೊಂದನ್ನು ಹತ್ತಿ ನಡುವಲ್ಲೇ ಇಳಿದುಬಿಡುವುದು.
ಹಿಮ ತುಂಬಿದ ಕಿಟಕಿ, ಕಿಟಕಿಯಂಥ ಮುಖ.
ಕೂಗಾಡುವಾಗ ಊರೆಲ್ಲ ಓಡಿ ಬಂತು;
ಸುಮ್ಮನಾದಾಗ ಸೋಮಾರಿ ಅಂದಿತು.
ನಾನೂ ಅಂದಿದ್ದೇನೆ. ಒಮ್ಮೆ, ಮಾರ್ಚ್‌ನಲ್ಲಿ.
ಕೇಳಿಸಿಕೊಂಡವನಂತೆ ಇರಲಿಲ್ಲ. ಕೇಳಿಸಿಕೊಂಡಿದ್ದ.

ಜೂನ್. ಕುಕ್ಕೋಲದ ಹಾರುನೀರು.
ಅಪ್ಪನ ಉದ್ದ ಹಿಡಿಯ ಬಲೆ ಹಿಡಿದು
ಮರದ ಅಟ್ಟದ ತುದಿಯಲ್ಲಿ ನಿಂತಿದ್ದಾನೆ ತೂರೆ.
ಮುಳುಗಿಸಿ, ಹೊಳೆಯ ಜೊತೆ ಸಾಗಿಸಿ, ಎತ್ತಿ,
ಮತ್ತೆ ಮುಳುಗಿಸಿ.
"ಈ ಸದ್ದಿನಲ್ಲಿ ಅವರು ಕೂಗಿ ಕೂಗಿ
ಗಂಟಲು ಕಟ್ಟಿಸಿಕೊಳ್ತಾರೆ," ಅನ್ನುತ್ತಾನೆ. ತಮಾಷೆಯೋ ಏನೋ.

ನಡುರಾತ್ರಿಯ ಬಿಸಿಲಲ್ಲಿ ಕಡ್ಡಿಗೆ ಚುಚ್ಚಿ ಮೀನು ಸುಡುತ್ತೇವೆ.
ಥಟ್ಟನೆ ತಲೆಯೆತ್ತುತ್ತಾನೆ.
"ನಿನಗೆ ಕೇಳಿಸಿತಾ?"
ಕೇಳಿಸಿತು ಅನ್ನಬಾರದು, ಹುಚ್ಚಪ್ಪಾ ಅನ್ನಬಾರದು,
ಇದ್ದದ್ದನ್ನು ಇದ್ದ ಹಾಗೆ: ನಮ್ಮ ಕರಾರು.
"ಇಲ್ಲ."
"ಸರಿ," ಅನ್ನುತ್ತಾನೆ.
ಮೀನು ತಿರುವಿ ಹಾಕುತ್ತಾನೆ,
ಆ ಬದಿ ಇನ್ನೂ ಬೆಂದಿಲ್ಲ.